ಫೆಬ್ರವರಿಯಲ್ಲಿ ಬರುವ ಹಣಕ್ಕೆ ಯಾವ ಷೇರು ಫಂಡು?

ಕೊಡಗಿನ ಗೋಣಿಕೊಪ್ಪದ ಕಾಫಿ ಮಳಿಗೆಯಲ್ಲಿ ವ್ಯಾಪಾರಿ ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲದಿಂದ ಒಂದಿಷ್ಟು ಕಾಯಿ ತೆಗೆದು, ಮೇಜಿನ ಮೇಲಿನ ಪುಟ್ಟ ಯಂತ್ರಕ್ಕೆ ಸುರಿಯುತ್ತಾರೆ. ಸಿಪ್ಪೆ ಹಾರಿಹೋಗುತ್ತದೆ. ಉಳಿದ ಬೀಜವನ್ನು ತಕ್ಕಡಿಗೆ ಹಾಕುತ್ತಾರೆ. ಆ ಎರಡು ನಿಮಿಷ ಮಳಿಗೆಯಲ್ಲಿ ಯಾರೂ ಮಾತನಾಡುವುದಿಲ್ಲ. ಐವತ್ತು ಕಿಲೋ ಚೆರಿಗೆ ಬೀಜ 27 ಕಿಲೋ ಕೂಡುತ್ತದೋ 26 ಕೂಡುತ್ತದೋ ಎಂಬುದರ ಮೇಲೆ ದುಡ್ಡು ನಿಂತಿದೆ. ಈ ಲೆಕ್ಕಕ್ಕೆ ಔಟ್‌ಟರ್ನ್ ಎನ್ನುತ್ತಾರೆ. ಅದು ಒಂದು ಅಂಕ ಇಳಿದರೆ ಚೀಲಕ್ಕೆ ಒಂದು ಕಿಲೋ ಬೀಜದ ಬೆಲೆ ಹೋದಂತೆ; ನೂರು ಚೀಲ ತಂದವನಿಗೆ ನೂರು ಕಿಲೋ. ಅದಕ್ಕಾಗಿ ನಾವು ಇನ್ನೊಮ್ಮೆ ಮಾದರಿ ತೆಗೆಸುತ್ತೇವೆ, ವಾದಿಸುತ್ತೇವೆ, ಬೇಕಾದರೆ ಚೀಲಗಳನ್ನು ಮತ್ತೆ ಜೀಪಿಗೆ ಹೇರಿಸಿಕೊಂಡು ಇನ್ನೊಂದು ಮಳಿಗೆಗೆ ಹೋಗುತ್ತೇವೆ.

ಅದೇ ಬೆಳೆಗಾರ ಅದೇ ದುಡ್ಡನ್ನು ಮಧ್ಯಾಹ್ನ ಬ್ಯಾಂಕಿಗೆ ಒಯ್ದು, ವರ್ಷಕ್ಕೆ ಶೇ 2ರಷ್ಟು ವೆಚ್ಚ ಕತ್ತರಿಸಿಕೊಳ್ಳುವ ಷೇರು ಫಂಡಿನ, ಅಂದರೆ ಹಲವರ ಹಣ ಕೂಡಿಸಿ ಷೇರು ಕೊಳ್ಳುವ ಮ್ಯೂಚುವಲ್ ಫಂಡಿನ, ಅರ್ಜಿಗೆ ಮರುಮಾತಿಲ್ಲದೆ ಸಹಿ ಹಾಕುತ್ತಾನೆ. ಅನ್ಯರನ್ನು ಹೇಳುತ್ತಿಲ್ಲ, ನಾನೇ ಹಾಕಿದ್ದೇನೆ.

2024ರಲ್ಲಿ ರೋಬಸ್ಟಾ ಕಾಫಿಯ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಹೋದ ಮೇಲೆ ನಮ್ಮ ಕಡೆ ಮದುವೆ ಮನೆಯಲ್ಲಿಯೂ ಫಂಡಿನ ಮಾತು ಶುರುವಾಗಿದೆ. ಎಲ್ಲರ ಪ್ರಶ್ನೆಯೂ ಒಂದೇ: ‘ಯಾವ ಫಂಡು ಒಳ್ಳೆಯದು?’ ಪಕ್ಕದ ತೋಟದ ಅಣ್ಣನೂ ಅದನ್ನೇ ಕೇಳಿದರು. ಸೇನೆಯಿಂದ ನಿವೃತ್ತರಾಗಿ ಬಂದವರು, ಪಿಂಚಣಿ ಇದೆ, ಒಂಬತ್ತು ಎಕರೆ ತೋಟವಿದೆ. ಅವರಿಗೆ ಕೂತು ವಿವರಿಸಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪಮಾಡಿ ಬರೆಯುತ್ತಿದ್ದೇನೆ. ಸಂಬಳದವರಿಗೆಂದು ಬರೆದ ಸಲಹೆಗಳು ಬೇಕಾದಷ್ಟಿವೆ. ನಮ್ಮ ದುಡ್ಡಿನ ಜಾಯಮಾನ ಬೇರೆ. ಅದು ತಿಂಗಳಿಗೊಮ್ಮೆ ಬರುವುದಿಲ್ಲ, ಕೊಯ್ಲು ಮುಗಿದ ಮೇಲೆ ಒಮ್ಮೆಗೇ ಬರುತ್ತದೆ. ಕೆಲವು ವರ್ಷ ಬರುವುದೇ ಇಲ್ಲ.

ಮೊದಲು: ಇದು ಯಾವ ಹಣ?

2018ರ ಜನವರಿಯಲ್ಲಿ ನಾನು ಮೊದಲ ಬಾರಿಗೆ ಷೇರು ಫಂಡು ಕೊಂಡೆ. ಒಂದು ಬ್ಯಾಂಕಿನ ಶಾಖೆಯಲ್ಲಿ, ಠೇವಣಿ ನವೀಕರಿಸಲು ಹೋದಾಗ. ಹಿಂದಿನ ವರ್ಷ ಅದ್ಭುತವಾಗಿ ಏರಿದ್ದ, ಸಣ್ಣ ಕಂಪನಿಗಳ ಷೇರು ಕೊಳ್ಳುವ ಸ್ಮಾಲ್ ಕ್ಯಾಪ್ ಫಂಡನ್ನು ತೋರಿಸಿದರು. ಏರಿದ ರೇಖೆ ನೋಡಿ ನನ್ನ ಬಾಯಲ್ಲಿ ನೀರೂರಿತು. ಮೂರು ಲಕ್ಷ ಹಾಕಿದೆ. ಸಣ್ಣ ಕಂಪನಿಗಳ ಸೂಚ್ಯಂಕ ಶಿಖರ ಮುಟ್ಟಿದ್ದು ಅದೇ ತಿಂಗಳು ಎಂಬುದು ಆಮೇಲೆ ತಿಳಿಯಿತು.

ಆಗಸ್ಟ್‌ನಲ್ಲಿ ಮಳೆ ಬಂತು. ಆ ಮಳೆಯ ಬಗ್ಗೆ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ತೋಟದ ಮೇಲಿನ ಬರೆ ಜಾರಿ ಮುಕ್ಕಾಲು ಎಕರೆ ರೋಬಸ್ಟಾ, ಅದರ ಮೇಲಿದ್ದ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ್ದ ಕರಿಮೆಣಸು ಎಲ್ಲವೂ ಮಣ್ಣಾದವು. ದಾರಿ ಬಿಡಿಸಬೇಕು, ತಡೆಗೋಡೆ ಕಟ್ಟಬೇಕು, ಆಳುಗಳಿಗೆ ಕೂಲಿ ಕೊಡಬೇಕು. ಅಕ್ಟೋಬರ್‌ನಲ್ಲಿ ಫಂಡು ಮಾರಿದೆ. ಮೂರು ಲಕ್ಷ ಎರಡು ಲಕ್ಷ ಹದಿನೆಂಟು ಸಾವಿರವಾಗಿತ್ತು. ವರ್ಷ ತುಂಬುವ ಮೊದಲೇ ಮಾರಿದ್ದಕ್ಕೆ ಅದರಲ್ಲಿಯೂ ಶೇ 1ರಷ್ಟು ಎಕ್ಸಿಟ್ ಲೋಡ್ ಹಿಡಿದುಕೊಂಡರು. ಬಿದ್ದವನ ಮೇಲೊಂದು ಕಲ್ಲು.

ಫಂಡು ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ತೋಟದ ಖರ್ಚಿನ ಹಣವನ್ನು ಹತ್ತು ವರ್ಷದ ಜಾಗದಲ್ಲಿ ಇಟ್ಟದ್ದು ನನ್ನ ತಪ್ಪು. ಆದ್ದರಿಂದ ಅಣ್ಣನಿಗೆ ಮೊದಲು ಹೇಳಿದ್ದು ಇದು: ಎರಡು ವರ್ಷದ ತೋಟದ ಖರ್ಚನ್ನು ಪಕ್ಕಕ್ಕೆ ಇಡಿ. ಗೊಬ್ಬರ, ಸುಣ್ಣ, ಕಳೆ, ಮರ ಕಪಾತು, ಮೆಣಸಿಗೆ ಬೋರ್ಡೋ ಸಿಂಪಡಣೆ, ಕೊಯ್ಲಿನ ಕೂಲಿ, ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರಿಗೆ ಡೀಸೆಲ್. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ ಎರಡರಿಂದ ಗುಣಿಸಿ. ಅದು ಬ್ಯಾಂಕ್ ಠೇವಣಿಯಲ್ಲಿ ಇರಲಿ. ಠೇವಣಿಗೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು ಬಡ್ಡಿ ಸೇರಿ ಐದು ಲಕ್ಷದವರೆಗೆ ವಿಮೆಯ ರಕ್ಷಣೆಯೂ ಇದೆ. ಏಳೆಂಟು ವರ್ಷ ಮುಟ್ಟುವುದಿಲ್ಲ ಎಂದು ಕೈಮೇಲೆ ಕೈಯಿಟ್ಟು ಹೇಳಬಲ್ಲ ಹಣ ಮಾತ್ರ ಷೇರು ಫಂಡಿಗೆ. ಮಗಳ ಮದುವೆ ಮುಂದಿನ ವರ್ಷ ಇದ್ದರೆ, ಆ ಹಣಕ್ಕೆ ಈ ಬರಹ ಬೇಡ.

ವೆಚ್ಚ: ಕಣ್ಣಿಗೆ ಕಾಣದ ಔಟ್‌ಟರ್ನ್

ಫಂಡಿನ ಲಾಭ ಮುಂದೆ ಎಷ್ಟು ಬರುತ್ತದೆ ಎಂದು ಯಾರೂ ಹೇಳಲಾರರು. ವೆಚ್ಚ ಎಷ್ಟು ಹೋಗುತ್ತದೆ ಎಂಬುದನ್ನು ಇವತ್ತೇ ನೋಡಬಹುದು. ಪ್ರತಿ ಫಂಡು ಕಂಪನಿಯೂ ಅದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಲೇಬೇಕು.

ಸಣ್ಣಪುಟ್ಟವನ್ನು ಬೇಗ ಮುಗಿಸೋಣ. ಕೊಳ್ಳುವಾಗಲೇ ಹಿಡಿದುಕೊಳ್ಳುತ್ತಿದ್ದ ಎಂಟ್ರಿ ಲೋಡನ್ನು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2009ರ ಆಗಸ್ಟ್‌ನಲ್ಲಿಯೇ ರದ್ದು ಮಾಡಿದೆ. ಮುದ್ರಾಂಕ ಶುಲ್ಕ ಲಕ್ಷಕ್ಕೆ ಐದು ರೂಪಾಯಿ. ಮಾರುವಾಗ ಷೇರು ವಹಿವಾಟು ತೆರಿಗೆ ಲಕ್ಷಕ್ಕೆ ಒಂದು ರೂಪಾಯಿ. ಎಕ್ಸಿಟ್ ಲೋಡ್ ಹೆಚ್ಚಿನ ಷೇರು ಫಂಡುಗಳಲ್ಲಿ ಒಂದು ವರ್ಷದೊಳಗೆ ಮಾರಿದರೆ ಶೇ 1. ಇವುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ವಾರ್ಷಿಕ ನಿರ್ವಹಣಾ ವೆಚ್ಚಕ್ಕೆ. ಇದಕ್ಕೆ ಬಿಲ್ಲು ಬರುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಸಾಲು ಕಾಣುವುದಿಲ್ಲ. ಫಂಡಿನಲ್ಲಿ ನಮ್ಮ ಒಂದೊಂದು ಪಾಲಿಗೆ ಯೂನಿಟ್ ಎನ್ನುತ್ತಾರೆ, ಅದರ ದಿನದ ಬೆಲೆಗೆ ಎನ್‌ಎವಿ. ದಿನದಿನವೂ ವೆಚ್ಚ ಕಳೆದ ಮೇಲೆಯೇ ಎನ್‌ಎವಿ ನಮ್ಮ ಕಣ್ಣಿಗೆ ಬೀಳುತ್ತದೆ. ಹತ್ತು ಲಕ್ಷಕ್ಕೆ ಶೇ 2 ಎಂದರೆ ವರ್ಷಕ್ಕೆ 20,000 ರೂಪಾಯಿ, ದಿನಕ್ಕೆ ಸುಮಾರು 55. ಮಾರುಕಟ್ಟೆ ಏರಿದ ದಿನವೂ ಇಳಿದ ದಿನವೂ, ಭಾನುವಾರವೂ. ಹನಿಗೂಡಿ ಹಳ್ಳ ಎಂಬ ಗಾದೆ ಸೋರಿಕೆಗೂ ಸಲ್ಲುತ್ತದೆ.

ಲೆಕ್ಕ ಮಾಡಿ ನೋಡಿ. ಹತ್ತು ಲಕ್ಷ ಹಾಕಿ ಇಪ್ಪತ್ತು ವರ್ಷ ಬಿಟ್ಟಿರಿ ಎನ್ನೋಣ. ವೆಚ್ಚ ಕಳೆಯುವ ಮೊದಲು ವರ್ಷಕ್ಕೆ ಶೇ 12 ಬೆಳೆಯಿತು ಎಂದು ಊಹಿಸೋಣ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ಅಂಕಿ ಮಾತ್ರ. ಶೇ 12 ಬಂದೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಮನೆಯಲ್ಲಿ ಕಾಫಿ ಕುಡಿದು ಎದ್ದು ಬನ್ನಿ. ವೆಚ್ಚ ಶೇ 0.2 ಇದ್ದರೆ ಕೈಗೆ ಬರುವುದು ಸುಮಾರು 93 ಲಕ್ಷ. ಶೇ 1 ಇದ್ದರೆ 80.6 ಲಕ್ಷ. ಶೇ 2 ಇದ್ದರೆ 67.3 ಲಕ್ಷ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ಅಂತರ ಸುಮಾರು 26 ಲಕ್ಷ, ಅಂದರೆ ನೀವು ಹಾಕಿದ ಅಸಲಿನ ಎರಡೂವರೆ ಪಟ್ಟು. ಔಟ್‌ಟರ್ನ್ ಒಂದು ಅಂಕಕ್ಕೆ ಜಗಳವಾಡುವವರು ಈ ಅಂಕಿಯನ್ನು ಇನ್ನೊಮ್ಮೆ ಓದಬೇಕು.

ಡೈರೆಕ್ಟ್ ಅಥವಾ ರೆಗ್ಯುಲರ್?

ಒಂದೇ ಫಂಡು, ಅದೇ ಷೇರುಗಳು, ಅದೇ ನಿರ್ವಾಹಕ. ಆದರೆ 2013ರ ಜನವರಿಯಿಂದ ಪ್ರತಿ ಫಂಡಿಗೂ ಎರಡು ಬಾಗಿಲು. ರೆಗ್ಯುಲರ್ ಬಾಗಿಲಲ್ಲಿ ಹೋದರೆ ಏಜೆಂಟನಿಗೆ ಅಥವಾ ಬ್ಯಾಂಕಿಗೆ ನಿಮ್ಮ ಹಣ ಇರುವಷ್ಟು ಕಾಲವೂ ಕಮಿಷನ್ ಹೋಗುತ್ತಿರುತ್ತದೆ. ಡೈರೆಕ್ಟ್ ಬಾಗಿಲಲ್ಲಿ ಅದಿಲ್ಲ. ನಿರ್ವಾಹಕರು ಷೇರು ಆರಿಸುವ ಫಂಡುಗಳಲ್ಲಿ ಈ ಎರಡರ ವ್ಯತ್ಯಾಸ ಸಾಮಾನ್ಯವಾಗಿ ಶೇ 0.5ರಿಂದ ಶೇ 1ಕ್ಕೂ ಮೇಲೆ. ನಿಮ್ಮದು ಯಾವುದು ಎಂದು ತಿಳಿಯಲು ಹೆಸರಿನಲ್ಲಿ ‘ಡೈರೆಕ್ಟ್’ ಎಂಬ ಪದ ಇದೆಯೇ ನೋಡಿ. ಇಲ್ಲದಿದ್ದರೆ ರೆಗ್ಯುಲರ್. ವರ್ಷಕ್ಕೆ ಎರಡು ಬಾರಿ ಬರುವ ಒಟ್ಟು ಹೂಡಿಕೆಯ ವಿವರಪಟ್ಟಿಯಲ್ಲಿ ಏಜೆಂಟನಿಗೆ ಎಷ್ಟು ರೂಪಾಯಿ ಹೋಯಿತೆಂದು ಅಚ್ಚಾಗಿಯೇ ಇರುತ್ತದೆ. ಹೆಚ್ಚಿನವರು ಆ ಪುಟದವರೆಗೆ ಹೋಗುವುದಿಲ್ಲ.

ಹಾಗಾದರೆ ಡೈರೆಕ್ಟ್ ಎಂದು ಕಣ್ಣುಮುಚ್ಚಿ ಹೇಳಬಹುದೇ? ಕೊಡಗಿನಲ್ಲಿ ಇದು ಅಷ್ಟು ಸಲೀಸಲ್ಲ. ಇಲ್ಲಿ ಏಜೆಂಟ್ ಎಂದರೆ ನೆಂಟನೇ. ನನ್ನ ಏಜೆಂಟ್ ಆಗಿದ್ದವನು ನನ್ನ ಹೆಂಡತಿಯ ತಮ್ಮ. ‘ಭಾವ, ನನ್ನ ಮೂಲಕ ಮಾಡಿ’ ಎಂದರೆ ಹೇಗೆ ಇಲ್ಲವೆನ್ನುವುದು? ನ್ಯಾಯವಾಗಿ ಹೇಳಬೇಕೆಂದರೆ, ಒಳ್ಳೆಯ ಏಜೆಂಟನಿಗೆ ಕೊಡುವ ಕಮಿಷನ್ ದಂಡವಲ್ಲ. ಕೆವೈಸಿ ತೊಡಕು ಬಿಡಿಸುತ್ತಾನೆ, ನಾಮಿನಿ ಹೆಸರು ಸೇರಿಸುತ್ತಾನೆ, ಮನೆಯ ಯಜಮಾನ ತೀರಿಕೊಂಡರೆ ಯೂನಿಟ್‌ಗಳನ್ನು ಹೆಂಡತಿಯ ಹೆಸರಿಗೆ ಮಾಡಿಸಲು ಓಡಾಡುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಮಾರುಕಟ್ಟೆ ಕುಸಿದಾಗ ‘ಈಗ ಮಾರಬೇಡಿ’ ಎಂದು ಕೈಹಿಡಿಯುತ್ತಾನೆ. ನಿಮ್ಮವನು ಇದನ್ನೆಲ್ಲ ಮಾಡುತ್ತಾನಾದರೆ ಕೊಡಿ. ನನ್ನವನು 2020ರ ಏಪ್ರಿಲ್‌ನಲ್ಲಿ ಫೋನ್ ಮಾಡಿದ್ದು ಇದನ್ನು ಮಾರಿ ಹೊಸದೊಂದು ಫಂಡಿಗೆ ಬದಲಾಯಿಸಲು. ಅಂದೇ ಡೈರೆಕ್ಟಿಗೆ ಹೋದೆ. ನೆಂಟಸ್ತಿಕೆ ಉಳಿದಿದೆ, ಹುತ್ತರಿಗೆ ಈಗಲೂ ಬರುತ್ತಾನೆ.

ರೆಗ್ಯುಲರ್‌ನಿಂದ ಡೈರೆಕ್ಟಿಗೆ ಬದಲಾಯಿಸುವಾಗ ಒಂದು ಎಚ್ಚರ ಬೇಕು. ಫಂಡು ಅದೇ ಆದರೂ ಕಾನೂನಿನ ಕಣ್ಣಿಗೆ ಅದು ಮಾರಾಟ. ತೆರಿಗೆಯೂ ಬೀಳಬಹುದು, ಎಕ್ಸಿಟ್ ಲೋಡೂ ಬೀಳಬಹುದು. ಹೊಸ ಹಣವನ್ನು ಮೊದಲು ಡೈರೆಕ್ಟಿಗೆ ತಿರುಗಿಸಿ, ಹಳೆಯದನ್ನು ವರ್ಷ ತುಂಬಿದ ಮೇಲೆ ಸ್ವಲ್ಪಸ್ವಲ್ಪವಾಗಿ ಸಾಗಿಸುವುದು ಜಾಣತನ. ಎಷ್ಟೆಷ್ಟು ಎಂಬುದನ್ನು ತೆರಿಗೆಯ ಭಾಗದಲ್ಲಿ ಹೇಳುತ್ತೇನೆ.

ಸೂಚ್ಯಂಕ ಫಂಡೋ, ನಿರ್ವಾಹಕರು ಆರಿಸುವ ಫಂಡೋ?

ನಿಫ್ಟಿ 50 ಎಂಬುದು ದೇಶದ ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕ. ಅದರ ಸೂಚ್ಯಂಕ ಫಂಡು ಎಂದರೆ ಆ ಪಟ್ಟಿಯಲ್ಲಿರುವ ಐವತ್ತು ಕಂಪನಿಗಳನ್ನು ಅದೇ ತೂಕದಲ್ಲಿ ಕೊಂಡು ಸುಮ್ಮನಿರುವುದು. ಯೋಚಿಸುವವರಿಗೆ ಸಂಬಳ ಕೊಡಬೇಕಾಗಿಲ್ಲ, ಆದ್ದರಿಂದ ಅಗ್ಗ. ಡೈರೆಕ್ಟ್‌ನಲ್ಲಿ ಶೇ 0.1ರಿಂದ 0.3ರ ಆಸುಪಾಸಿಗೆ ಸಿಗುತ್ತದೆ. ನಿರ್ವಾಹಕರು ಷೇರು ಆರಿಸುವ ಫಂಡು ಡೈರೆಕ್ಟ್‌ನಲ್ಲಿಯೇ ಶೇ 0.5ರಿಂದ 1ರವರೆಗೆ ಕೇಳುತ್ತದೆ, ರೆಗ್ಯುಲರ್‌ನಲ್ಲಿ ಶೇ 2ರ ಹತ್ತಿರಕ್ಕೂ ಹೋಗುತ್ತದೆ.

ಹೆಚ್ಚು ಕೊಟ್ಟರೆ ಹೆಚ್ಚು ಬರಬೇಕಲ್ಲವೇ ಎಂಬುದು ಅಣ್ಣನ ಪ್ರಶ್ನೆ. ದೊಡ್ಡ ಕಂಪನಿಗಳ ಫಂಡುಗಳ ವಿಷಯದಲ್ಲಿ ನನ್ನ ಉತ್ತರ: ಬರುವುದು ಅಪರೂಪ. ದೇಶದ ಮೊದಲ ನೂರು ಕಂಪನಿಗಳನ್ನು ನೂರಾರು ವಿಶ್ಲೇಷಕರು ಹಗಲಿರುಳೂ ಜಾಲಾಡುತ್ತಾರೆ. ಯಾರಿಗೂ ಕಾಣದ್ದು ಒಬ್ಬನಿಗೆ ಮಾತ್ರ ಕಾಣುವುದು ಕಷ್ಟ. ಕಂಡರೂ ವೆಚ್ಚ ಅದನ್ನು ತಿನ್ನುತ್ತದೆ. ಸಣ್ಣ ಕಂಪನಿಗಳಲ್ಲಿ ನಿರ್ವಾಹಕರ ಕೈಚಳಕಕ್ಕೆ ಇನ್ನೂ ಜಾಗವಿದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಆ ಚಳಕ ಯಾರದು ಎಂದು ಮೊದಲೇ ಗುರುತಿಸುವುದು ಹೇಗೆ? ಕಳೆದ ಮೂರು ವರ್ಷದ ಪಟ್ಟಿಯಲ್ಲಿ ಮೊದಲು ಬಂದವನು ಮುಂದಿನ ಮೂರು ವರ್ಷವೂ ಮೊದಲು ಬರುತ್ತಾನೆಂಬ ಭರವಸೆ ಇಲ್ಲ. ಕಳೆದ ವರ್ಷ ತುಂಬಾ ಕಾಯಿ ಬಿಟ್ಟ ಗಿಡ ಈ ವರ್ಷ ಬೋಳಾಗುವುದನ್ನು ನಾವು ನೋಡದವರೇ?

ಸೂಚ್ಯಂಕ ಫಂಡಿಗೂ ಕೊರತೆಗಳಿವೆ. ನಿಫ್ಟಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬ್ಯಾಂಕು, ಹಣಕಾಸು ಕಂಪನಿಗಳದ್ದೇ. ಅವಕ್ಕೆ ನೆಗಡಿಯಾದರೆ ಸೂಚ್ಯಂಕ ಸೀನುತ್ತದೆ. ಮಾರುಕಟ್ಟೆ ಶೇ 30 ಬಿದ್ದರೆ ನಿಮ್ಮದೂ ಅಷ್ಟೇ ಬೀಳುತ್ತದೆ. ಯಾರೂ ಬ್ರೇಕು ಒತ್ತುವುದಿಲ್ಲ. ಒಂದೇ ಸೂಚ್ಯಂಕದ ಎರಡು ಫಂಡುಗಳ ನಡುವೆ ಆರಿಸುವಾಗ ವೆಚ್ಚದ ಜೊತೆಗೆ ಇನ್ನೊಂದನ್ನು ನೋಡಿ: ಸೂಚ್ಯಂಕ ಕೊಟ್ಟದ್ದಕ್ಕೂ ಫಂಡು ಕೊಟ್ಟದ್ದಕ್ಕೂ ಎಷ್ಟು ಅಂತರ. ಅದು ಕಡಿಮೆ ಇದ್ದಷ್ಟೂ ಕೆಲಸ ಚೊಕ್ಕ.

ಇಟಿಎಫ್, ಅಂದರೆ ಷೇರಿನಂತೆ ಮಾರುಕಟ್ಟೆಯಲ್ಲಿಯೇ ಕೊಂಡು ಮಾರುವ ಫಂಡು, ಇನ್ನೂ ಅಗ್ಗ ಎನ್ನುವವರಿದ್ದಾರೆ. ಅದಕ್ಕೆ ಷೇರು ಇಡುವ ಡಿಮ್ಯಾಟ್ ಖಾತೆ ಬೇಕು, ಅದರ ವಾರ್ಷಿಕ ಶುಲ್ಕ ಬೇರೆ, ಕೊಳ್ಳುವ ಹೊತ್ತಿಗೆ ಮಾರುವವರು ಸಿಗಬೇಕು. ಮಳೆಗಾಲದಲ್ಲಿ ನಾಲ್ಕು ದಿನ ನೆಟ್‌ವರ್ಕ್ ಇಲ್ಲದ ಊರಲ್ಲಿ ಕುಳಿತವನಿಗೆ ಆ ಗೊಡವೆ ಬೇಡ.

ಒಮ್ಮೆಗೇ ಹಾಕುವುದೋ, ಕಂತಿನಲ್ಲಿಯೋ?

ಸಂಬಳದವರಿಗೆ ಎಸ್‌ಐಪಿ, ಅಂದರೆ ತಿಂಗಳಿಗಿಷ್ಟು ಎಂದು ಕಂತು ಹಾಕುವುದು, ಸಹಜ. ತಿಂಗಳಾ ಬರುತ್ತದೆ, ತಿಂಗಳಾ ಹೋಗುತ್ತದೆ. ಏರಿದಾಗ ಕಡಿಮೆ ಯೂನಿಟ್, ಇಳಿದಾಗ ಹೆಚ್ಚು ಯೂನಿಟ್. ಆದರೆ ನಮ್ಮ ಖಾತೆಯ ಆಗಸ್ಟ್ ತಿಂಗಳು ಹೇಗಿರುತ್ತದೆ? ಗೊಬ್ಬರದ ಬಾಕಿ, ಮಕ್ಕಳ ಹಾಸ್ಟೆಲ್ ಶುಲ್ಕ, ಬಟವಾಡೆ. ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕು ದಂಡ ಹಿಡಿಯುತ್ತದೆ. ತಿಂಗಳ ಕಂತು ಸತತ ಮೂರು ಬಾರಿ ತಪ್ಪಿದರೆ ಎಸ್‌ಐಪಿಯೇ ರದ್ದಾಗುತ್ತದೆ. ನಮ್ಮೂರಿನ ಇಬ್ಬರು ಈ ಕಾರಣಕ್ಕೇ ಫಂಡಿನ ಸಹವಾಸ ಬಿಟ್ಟರು. ದೋಷ ಫಂಡಿನದಲ್ಲ, ತಿಂಗಳ ಲೆಕ್ಕವನ್ನು ವರ್ಷದ ಬೆಳೆಗೆ ಕಟ್ಟಿದ್ದರದು.

ಹಾಗಾದರೆ ಏನು ಮಾಡಬಹುದು?

ಒಂದು ದಾರಿ: ಫೆಬ್ರವರಿ ಮಾರ್ಚ್‌ನಲ್ಲಿ ಬಂದ ಹಣವನ್ನು ಅದೇ ಫಂಡು ಕಂಪನಿಯ ಲಿಕ್ವಿಡ್ ಫಂಡಿಗೆ (ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಇಡುವ ಫಂಡು) ಹಾಕಿ, ಅಲ್ಲಿಂದ ತಿಂಗಳಿಗಿಷ್ಟು ಎಂದು ಷೇರು ಫಂಡಿಗೆ ತಾನಾಗಿ ವರ್ಗವಾಗುವಂತೆ ಬರೆದುಕೊಡುವುದು. ಇದನ್ನು ಎಸ್‌ಟಿಪಿ ಎನ್ನುತ್ತಾರೆ. ಕರೆಂಟು ಇರಲಿ ಬಿಡಲಿ, ನೀವು ಮಡಿಕೇರಿಗೆ ಹೋಗಲು ರಸ್ತೆ ಇರಲಿ ಬಿಡಲಿ, ಕಂತು ತಪ್ಪುವುದಿಲ್ಲ. ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡಿನ ಮಾರಾಟವೇ ಆದ್ದರಿಂದ ಅದರ ಚಿಲ್ಲರೆ ಲಾಭಕ್ಕೆ ನಿಮ್ಮ ತೆರಿಗೆ ಹಂತದ ದರ ಅನ್ವಯ. ಇನ್ನೊಂದು ದಾರಿ: ಒಮ್ಮೆಗೇ ಹಾಕುವುದು. ಮಾರುಕಟ್ಟೆ ಇಳಿಯುವ ವರ್ಷಗಳಿಗಿಂತ ಏರುವ ವರ್ಷಗಳೇ ಹೆಚ್ಚು ಎಂದ ಮೇಲೆ, ಬರೀ ಲೆಕ್ಕ ನೋಡಿದರೆ ಕಾಯುವುದಕ್ಕಿಂತ ಹಾಕಿಬಿಡುವುದೇ ಹೆಚ್ಚು ಸಲ ಗೆಲ್ಲುತ್ತದೆ. ಆದರೆ ಹಾಕಿದ ಮರುತಿಂಗಳೇ ಕುಸಿದರೆ ತಡೆದುಕೊಳ್ಳುವ ಗುಂಡಿಗೆ ಬೇಕು. ನನಗೆ 2018ರಲ್ಲಿ ಅದಿರಲಿಲ್ಲ.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯವಿದೆ. ಪ್ರತಿ ವರ್ಷ ಕೊಯ್ಲಾದ ಮೇಲೆ ಒಂದಿಷ್ಟು ಹಾಕುತ್ತ ಹದಿನೈದು ವರ್ಷ ಹೋದರೆ ಅದೇ ಹದಿನೈದು ಕಂತು. ಕೆಲವು ಏರಿದಾಗ ಬೀಳುತ್ತವೆ, ಕೆಲವು ಇಳಿದಾಗ. ಸರಾಸರಿ ತಾನಾಗಿ ಒದಗುತ್ತದೆ. ಆದ್ದರಿಂದ ಮಾಮೂಲಿ ವರ್ಷದ ಉಳಿತಾಯವನ್ನು ನಾನು ಮಾರ್ಚ್‌ನಲ್ಲಿ ಒಮ್ಮೆಗೇ ಹಾಕುತ್ತೇನೆ. ಎಸ್‌ಟಿಪಿಯ ತಾಪತ್ರಯ ಬೇಕಾಗುವುದು ಅಪರೂಪದ ದೊಡ್ಡ ಗಂಟಿಗೆ: 2024ರಂಥ ಬೆಲೆಯ ವರ್ಷ, ಮರ ಮಾರಿದ ಹಣ, ನಿವೃತ್ತಿಯ ಇಡಿಗಂಟು. ಅಂಥದ್ದನ್ನು ಹನ್ನೆರಡರಿಂದ ಹದಿನೆಂಟು ತಿಂಗಳಿಗೆ ಹರಡಿ. ಅದಕ್ಕಿಂತ ಉದ್ದ ಎಳೆದರೆ ಅದು ಎಚ್ಚರವಲ್ಲ, ಹಿಂಜರಿಕೆ.

ದೊಡ್ಡ ಕಂಪನಿ, ಸಣ್ಣ ಕಂಪನಿ

ಮಾರುಕಟ್ಟೆ ಮೌಲ್ಯದಲ್ಲಿ ಮೊದಲ ನೂರು ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250 ಮಿಡ್ ಕ್ಯಾಪ್, 251ರಿಂದ ಕೆಳಗೆ ಸ್ಮಾಲ್ ಕ್ಯಾಪ್. ಸೆಬಿ 2017ರಲ್ಲಿ ಹಾಕಿದ ಗೆರೆ ಇದು. ಫ್ಲೆಕ್ಸಿ ಕ್ಯಾಪ್‌ನಲ್ಲಿ ನಿರ್ವಾಹಕ ಎಲ್ಲಿ ಬೇಕಾದರೂ ಹಾಕಬಹುದು. ಮಲ್ಟಿ ಕ್ಯಾಪ್‌ನಲ್ಲಿ ಮೂರು ಕಡೆಯೂ ಕನಿಷ್ಠ ಕಾಲು ಕಾಲು ಭಾಗ ಇಡಲೇಬೇಕು.

ಸ್ಮಾಲ್ ಕ್ಯಾಪ್ ನಮ್ಮ ಅರೇಬಿಕಾದ ಹಾಗೆ. ಬೆಲೆ ಬಂದ ವರ್ಷ ಮೀಸೆ ತಿರುವಬಹುದು, ಕಾಂಡಕೊರಕ ಹೊಕ್ಕ ವರ್ಷ ಗಿಡವನ್ನೇ ಕಿತ್ತು ಸುಡಬೇಕು. 2018ರ ಜನವರಿಯ ಶಿಖರದಿಂದ 2020ರ ಮಾರ್ಚ್‌ಗೆ ಸಣ್ಣ ಕಂಪನಿಗಳ ಸೂಚ್ಯಂಕ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಹಳೆಯ ಮಟ್ಟ ಮುಟ್ಟಿದ್ದು 2021ರಲ್ಲಿ. ಮೂರು ವರ್ಷ ಕಾದಿದ್ದರೆ ನನ್ನ ಮೂರು ಲಕ್ಷ ಉಳಿಯುತ್ತಿತ್ತು. ಕಾಯಲು ತೋಟ ಬಿಡಲಿಲ್ಲ.

ದೊಡ್ಡ ಕಂಪನಿಗಳೂ ಬೀಳುವುದಿಲ್ಲವೆಂದಲ್ಲ. 2008ರ ಜನವರಿಯಲ್ಲಿ 6,300ರ ಸುತ್ತ ಇದ್ದ ನಿಫ್ಟಿ ಅದೇ ಅಕ್ಟೋಬರ್‌ಗೆ ಸುಮಾರು ಶೇ 60ರಷ್ಟು ಕುಸಿಯಿತು. 2010ರ ನವೆಂಬರ್‌ನಲ್ಲಿ ಹಳೆಯ ಮಟ್ಟವನ್ನು ಒಮ್ಮೆ ಇಣುಕಿ ನೋಡಿ ಮತ್ತೆ ಜಾರಿತು, ಗಟ್ಟಿಯಾಗಿ ದಾಟಿದ್ದು 2013ರ ಕೊನೆ, 2014ರ ಹೊತ್ತಿಗೆ. ಸುಮಾರು ಆರು ವರ್ಷ. 2020ರಲ್ಲಿ ಎರಡು ತಿಂಗಳಲ್ಲಿ ಶೇ 38ರ ಹತ್ತಿರ ಬಿದ್ದು, ಅದೇ ನವೆಂಬರ್‌ಗೆ ಮೇಲೆ ಬಂತು. ಎಷ್ಟು ದಿನದಲ್ಲಿ ಮೇಲೆ ಬರುತ್ತದೆ ಎಂಬುದಕ್ಕೆ ಪಂಚಾಂಗವಿಲ್ಲ. ಏಳೆಂಟು ವರ್ಷದ ಹಣ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಎಲ್ಲ ಫಂಡಿನ ಕಾಗದದ ಮೇಲೆಯೂ ಗಡಿಯಾರದಂಥ ರಿಸ್ಕೋಮೀಟರ್ ಇರುತ್ತದೆ, ಆರು ಮಟ್ಟದ್ದು. ಆದರೆ ಷೇರು ಫಂಡುಗಳ ನಡುವೆ ಆರಿಸುವಾಗ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಿಫ್ಟಿ ಸೂಚ್ಯಂಕ ಫಂಡಿನ ಮುಳ್ಳೂ ‘ಅತಿ ಹೆಚ್ಚು’ ಎಂಬಲ್ಲಿಯೇ, ಸ್ಮಾಲ್ ಕ್ಯಾಪ್‌ನ ಮುಳ್ಳೂ ಅಲ್ಲಿಯೇ. ಕೆರೆಯೂ ಆಳ, ಸಮುದ್ರವೂ ಆಳ ಎಂದಂತೆ.

ಹೊಸ ಫಂಡಿನ ಯೂನಿಟ್ ಹತ್ತೇ ರೂಪಾಯಿ, ಹಳೆಯದು ಇನ್ನೂರು, ಹಾಗಾಗಿ ಹೊಸದು ಅಗ್ಗ ಎಂಬ ಮಾತನ್ನು ನಂಬಬೇಡಿ. ಹತ್ತು ಲಕ್ಷಕ್ಕೆ ಹತ್ತು ಲಕ್ಷದ ಷೇರೇ ಸಿಗುವುದು. ಕಾಲು ಕಿಲೋ ಪೊಟ್ಟಣದಲ್ಲಿ ತಂದರೂ ಚೀಲದಲ್ಲಿ ತಂದರೂ ಸಕ್ಕರೆ ಸಕ್ಕರೆಯೇ.

ತೆರಿಗೆ: ಕಾಫಿಯ ಲೆಕ್ಕ ಬೇರೆ, ಫಂಡಿನ ಲೆಕ್ಕ ಬೇರೆ

ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸದೆ ಮಾರಿದರೆ ಆ ಆದಾಯ ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಈ ಅಭ್ಯಾಸದಿಂದ ಫಂಡಿನ ಲಾಭಕ್ಕೂ ತೆರಿಗೆ ಇಲ್ಲ ಎಂದುಕೊಳ್ಳುವವರಿದ್ದಾರೆ. ಇದೆ. 2024ರ ಜುಲೈ 23ರಿಂದ, ಷೇರು ಫಂಡನ್ನು ವರ್ಷ ತುಂಬುವ ಮೊದಲು ಮಾರಿದರೆ ಲಾಭದ ಮೇಲೆ ಶೇ 20. ವರ್ಷ ದಾಟಿದ ಮೇಲೆ ಮಾರಿದರೆ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ಏನಿಲ್ಲ, ಅದರ ಮೇಲೆ ಶೇ 12.5. ಸೆಸ್ ಪ್ರತ್ಯೇಕ.

ಮೂರು ಲಕ್ಷ ಲಾಭವಿರುವುದನ್ನು ಒಂದೇ ವರ್ಷ ಮಾರಿದರೆ 1.75 ಲಕ್ಷಕ್ಕೆ ತೆರಿಗೆ, 21,875 ರೂಪಾಯಿ. ಅರ್ಧವನ್ನು ಮಾರ್ಚ್ ಕೊನೆಗೆ, ಅರ್ಧವನ್ನು ಏಪ್ರಿಲ್ ಮೊದಲ ವಾರದಲ್ಲಿ ಮಾರಿದರೆ, ಲಾಭವೂ ಅರ್ಧರ್ಧ ಹಂಚಿಕೆಯಾಗುತ್ತದೆ ಎಂದಿಟ್ಟುಕೊಂಡರೆ, ಎರಡು ವರ್ಷಕ್ಕೆ ಸೇರಿ 6,250. ರೆಗ್ಯುಲರ್‌ನಿಂದ ಡೈರೆಕ್ಟಿಗೆ ಸಾಗಿಸುವವರಿಗೂ ಇದೇ ಉಪಾಯ.

ತೆರಿಗೆ ಉಳಿಸುವ ಇಎಲ್‌ಎಸ್‌ಎಸ್ ಫಂಡನ್ನು ಬೆಳೆಗಾರರಿಗೆ ಮಾರುವುದು ನನಗೆ ಅರ್ಥವಾಗದ ವ್ಯಾಪಾರ. ಮೂರು ವರ್ಷ ತೆಗೆಯುವಂತಿಲ್ಲ. ಅದರ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. ತೆರಿಗೆ ಕಟ್ಟುವ ಆದಾಯವೇ ಇಲ್ಲದವನಿಗೆ ಉಳಿಸಲು ಏನಿದೆ? ಇನ್ನು ಡಿವಿಡೆಂಡ್ ಕೊಡುವ ಆಯ್ಕೆ, ಈಗ ಅದರ ಹೆಸರು ಐಡಿಸಿಡಬ್ಲ್ಯು, ನಿವೃತ್ತರಿಗೆ ತುಂಬ ಇಷ್ಟ. ಆದರೆ ಅಲ್ಲಿ ಕೊಡುವುದು ನಿಮ್ಮದೇ ಹಣ. ಕೊಟ್ಟಷ್ಟು ಎನ್‌ಎವಿ ಇಳಿಯುತ್ತದೆ, ಕೈಗೆ ಬಂದದ್ದಕ್ಕೆ ನಿಮ್ಮ ಹಂತದ ದರದಲ್ಲಿ ತೆರಿಗೆ. ಲಾಭವನ್ನು ಫಂಡಿನಲ್ಲಿಯೇ ಬೆಳೆಯಲು ಬಿಡುವ ಗ್ರೋತ್ ಆಯ್ಕೆ ತೆಗೆದುಕೊಂಡು, ಬೇಕಾದಾಗ ಬೇಕಾದಷ್ಟು ಯೂನಿಟ್ ಮಾರಿಕೊಳ್ಳುವುದು ಲೇಸು.

ತೋಟವೇ ಒಂದು ದೊಡ್ಡ ಹೂಡಿಕೆ

‘ಷೇರು ಎಂದರೆ ಜೂಜು, ಅದಕ್ಕಿಂತ ಪಕ್ಕದ ಎರಡು ಎಕರೆ ಕೊಳ್ಳುತ್ತೇನೆ’ ಎಂದವರು ಅಣ್ಣನೇ. ನಾನು ಕೇಳಿದೆ: ನಿಮ್ಮ ಮನೆ, ಜಮೀನು, ಆದಾಯ ಎಲ್ಲವೂ ಈಗಾಗಲೇ ಒಂದೇ ಜಿಲ್ಲೆಯಲ್ಲಿ, ಒಂದೇ ಬೆಳೆಯಲ್ಲಿ ಇದೆಯಲ್ಲ? ರೋಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್ ಬೆಲೆ ಕಟ್ಟುತ್ತದೆ. ವಿಯೆಟ್ನಾಂನಲ್ಲಿ ಒಳ್ಳೆಯ ಮಳೆಯಾದರೆ ಸಿದ್ದಾಪುರದಲ್ಲಿ ಬೆಲೆ ಇಳಿಯುತ್ತದೆ. ಹೂಮಳೆ ಹದಿನೈದು ದಿನ ತಡವಾದರೆ ಫಸಲು ಹೋಯಿತು. ಮೆಣಸಿಗೆ ಸೊರಗು ರೋಗ, ಬಾಳೆಗೆ ಆನೆ. ಇದಕ್ಕಿಂತ ದೊಡ್ಡ ಜೂಜು ಯಾವುದು? ಕಾಫಿಯ ಜೊತೆ ಮೆಣಸು ಹಬ್ಬಿಸಿದ್ದು ಯಾಕೋ, ಐವತ್ತು ಕಂಪನಿಗಳ ಫಂಡು ಕೊಳ್ಳುವುದೂ ಅದಕ್ಕೇ. ಇನ್ನೆರಡು ಎಕರೆ ಕೊಂಡರೆ ಅದೇ ಬುಟ್ಟಿ ಇನ್ನಷ್ಟು ಭಾರವಾಗುತ್ತದೆ.

ಒಂದು ಮಾತು ಮಾತ್ರ ಅವರದೇ ಸರಿ. ಜಮೀನಿನ ಬೆಲೆ ದಿನಾ ಮೊಬೈಲಿನಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರೂ ಹೆದರಿ ಮಾರುವುದಿಲ್ಲ. ಫಂಡಿನ ದೊಡ್ಡ ಅಪಾಯ ಇದೇ. ನಾನು ಆಪ್ ಅನ್ನು ಮೊಬೈಲಿನಿಂದ ತೆಗೆದುಹಾಕಿದ್ದೇನೆ; ವರ್ಷಕ್ಕೆರಡು ಬಾರಿ ವಿವರಪಟ್ಟಿ ನೋಡುತ್ತೇನೆ.

ಇನ್ನೆರಡು ವ್ಯಾವಹಾರಿಕ ವಿಷಯ. ಫಂಡಿಗೆ ಹಣ ನಿಮ್ಮ ಸ್ವಂತ ಖಾತೆಯಿಂದಲೇ ಹೋಗಬೇಕು. ಅಣ್ಣತಮ್ಮಂದಿರ ಹಣ ಕಲೆಸಿ ಒಬ್ಬರ ಖಾತೆಯಿಂದ ಇನ್ನೊಬ್ಬರ ಹೆಸರಿಗೆ ಹಾಕಲಾಗದು. ಮತ್ತು ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಫಂಡು’ ಎಂದು ಹೇಳಿ ಯಾರದೋ ವೈಯಕ್ತಿಕ ಖಾತೆಗೆ ಹಣ ಕಳಿಸಲು ಹೇಳಿದರೆ ಅದು ಫಂಡಲ್ಲ, ಕಳ್ಳತನ.

ಅಣ್ಣ ಕೊನೆಗೆ ಕಾಫಿ ಮಳಿಗೆಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆದರು. ಎರಡು ವರ್ಷದ ತೋಟದ ಖರ್ಚು ಎರಡು ಬ್ಯಾಂಕುಗಳಲ್ಲಿ ಠೇವಣಿ. ಉಳಿದದ್ದರ ಮುಕ್ಕಾಲು ಪಾಲು ನಿಫ್ಟಿ ಸೂಚ್ಯಂಕ ಫಂಡಿನ ಡೈರೆಕ್ಟ್ ಗ್ರೋತ್, ಹದಿನಾಲ್ಕು ತಿಂಗಳ ಎಸ್‌ಟಿಪಿಯಲ್ಲಿ. ಕಾಲು ಪಾಲು ಒಂದು ಫ್ಲೆಕ್ಸಿ ಕ್ಯಾಪ್ ಫಂಡಿಗೆ, ರೆಗ್ಯುಲರ್ ಬಾಗಿಲಿನಿಂದ, ತಂಗಿಯ ಮಗನ ಮೂಲಕ. ‘ಅವನ ಮಾತು ತೆಗೆದುಹಾಕಲು ಆಗುವುದಿಲ್ಲ ತಮ್ಮ, ಅದಕ್ಕೆ ಎಷ್ಟು ಹೋಗುತ್ತದೆ ಎಂದು ಬರೆದಿಟ್ಟಿದ್ದೇನೆ’ ಎಂದರು. ಚೀಟಿಯ ಮೂಲೆಯಲ್ಲಿ ಅಂಕಿ ಇತ್ತು, ಔಟ್‌ಟರ್ನ್‌ನ ಪಕ್ಕದಲ್ಲಿಯೇ.